ಕೂರಿಗೆ ನೆಲ್ಲಿನ ಬೀಜಕ್ಕೆ ಜಿಂಕ್ ನೀರು, ಪೊಟ್ಯಾಷ್ ನೀರು: ನೆನೆಸಿ ಒಣಗಿಸಿ ಬಿತ್ತುವ ಬಗೆ

ಕಾರಟಗಿ, ಸಿಂಧನೂರು ಭಾಗದಲ್ಲಿ ಕೂರಿಗೆ ನೆಲ್ಲು (ನಾಟಿ ಮಾಡದೆ ಒಣ ನೆಲಕ್ಕೇ ಕೂರಿಗೆಯಲ್ಲಿ ಬಿತ್ತುವ ಭತ್ತ) ಹಾಕುವವರು ಹೆಚ್ಚುತ್ತಿದ್ದಾರೆ. ಕಾರಣ ಎಲ್ಲರಿಗೂ ಗೊತ್ತಿರುವುದೇ. ತುಂಗಭದ್ರಾ ಎಡದಂಡೆ ನಾಲೆ ಮುನಿರಾಬಾದಿನಿಂದ ಹೊರಟು 227 ಕಿಲೋಮೀಟರ್ ಹರಿಯಬೇಕು. ಮೇಲಿನವರು ನಾಟಿ ಮುಗಿಸಿ ಗೊಬ್ಬರ ಎರಚುವ ಹೊತ್ತಿಗೂ ಕೆಳಗಿನವರ ತೂಬಿಗೆ ನೀರು ಬಂದಿರುವುದಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋದ ಮೇಲಂತೂ ನೀರಿನ ಭರವಸೆಯ ಮೇಲೆ ಸಸಿ ಮಡಿ ಹಾಕುವುದಕ್ಕೆ ಜನ ಹಿಂದೆಮುಂದೆ ನೋಡುತ್ತಾರೆ. ಮಳೆ ಹದಕ್ಕೆ ಕೂರಿಗೆಯಲ್ಲಿ ಬಿತ್ತಿಬಿಟ್ಟರೆ ನೀರು ಬಂದಾಗ ಬರಲಿ, ಬೆಳೆಯಂತೂ ನೆಲದಲ್ಲಿರುತ್ತದೆ.

ಕೂರಿಗೆ ನೆಲ್ಲಿನ ಕಷ್ಟ ಇರುವುದು ಮೊದಲ ಇಪ್ಪತ್ತು ದಿನದಲ್ಲಿ. ಮಡಿಯಲ್ಲಾದರೆ ಬೀಜಕ್ಕೆ ಕೆಸರಿನ ಹಾಸಿಗೆ ಇರುತ್ತದೆ, ಮೊಳಕೆ ಕಟ್ಟಿಯೇ ಚೆಲ್ಲಿರುತ್ತೇವೆ. ಕೂರಿಗೆಯಲ್ಲಿ ಬೀಜ ಒಣ ಎರಿ (ಕಪ್ಪು) ಮಣ್ಣಿನ ಹೆಂಟೆಗಳ ನಡುವೆ ಬಿದ್ದು, ಸಿಕ್ಕಷ್ಟು ತೇವದಲ್ಲಿ ತಾನೇ ಎದ್ದು ಬರಬೇಕು. ಅರ್ಧ ಬೀಜ ಆರನೇ ದಿನ ಬಂದು ಉಳಿದರ್ಧ ಹನ್ನೆರಡನೇ ದಿನ ಬಂದರೆ, ನಡುವಿನ ಜಾಗವೆಲ್ಲ ಕಳೆಯ ಪಾಲು. ಒಮ್ಮೆ ಕಳೆ ಮುಂದೆ ಹೋದರೆ ಔಷಧಿಗೂ ಆಳಿಗೂ ಸುರಿಯುವ ದುಡ್ಡಿಗೆ ಲೆಕ್ಕವಿರುವುದಿಲ್ಲ.

ಕೃಷಿ ವಿಶ್ವವಿದ್ಯಾಲಯದವರು ಸೀಡ್ ಪ್ರೈಮಿಂಗ್ ಎನ್ನುವ ಕೆಲಸ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬೀಜವನ್ನು ಅಳತೆಯ ಉಪ್ಪಿನ (ಇಲ್ಲಿ ಜಿಂಕ್ ಅಥವಾ ಪೊಟ್ಯಾಷ್) ನೀರಿನಲ್ಲಿ ಅಳತೆಯ ಹೊತ್ತು ನೆನೆಸಿ, ಮೊಳಕೆ ಹೊರಗೆ ಬರುವ ಮುಂಚೆಯೇ ತೆಗೆದು, ಮೊದಲಿನ ತೂಕಕ್ಕೆ ಒಣಗಿಸಿ ಬಿತ್ತುವುದು. ನಮ್ಮ ಹೊಲ ನಾಲೆಯ ಕೆಳಭಾಗದಲ್ಲಿದೆ. ಬೀಜದ ಕೆಲಸವೆಲ್ಲ ನನ್ನ ಮತ್ತು ನಮ್ಮ ಅತ್ತೆಯ ಕೈಯಲ್ಲಿ. ಓಣಿಯ ಹೆಣ್ಣುಮಕ್ಕಳು ಬಂದು ಕೇಳುತ್ತಾರೆ, ಫೋನಿನಲ್ಲಿ ಕೇಳುವವರೂ ಇದ್ದಾರೆ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವಾಗ ಏನಾದರೊಂದು ಬಿಟ್ಟುಹೋಗುತ್ತದೆ, ಅದಕ್ಕೆ ಪೂರ್ತಿ ಬರೆಯುತ್ತಿದ್ದೇನೆ.

ಬೀಜದ ಒಳಗೆ ಏನಾಗುತ್ತದೆ

ಒಣ ಕಾಳನ್ನು ನೀರಿಗೆ ಹಾಕಿದರೆ ಮೊದಲ ಕೆಲವು ತಾಸು ಅದು ಗಬಗಬ ನೀರು ಕುಡಿಯುತ್ತದೆ. ಆಮೇಲೆ ಕುಡಿಯುವುದು ನಿಧಾನವಾಗುತ್ತದೆ. ಹೊರಗಿನಿಂದ ನೋಡಿದರೆ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ, ಆದರೆ ಒಳಗೆ ಕೆಲಸವೆಲ್ಲ ಆಗುವುದು ಆಗಲೇ. ಹಿಟ್ಟನ್ನು ಸಕ್ಕರೆ ಮಾಡುವ ಕಿಣ್ವಗಳು ಎಚ್ಚರಾಗುತ್ತವೆ, ಗೋದಾಮಿನಲ್ಲಿದ್ದಾಗ ಹಾಳಾಗಿದ್ದ ಜೀವಕೋಶಗಳ ರಿಪೇರಿ ಆಗುತ್ತದೆ. ಇದು ಮುಗಿದ ಮೇಲೆ ಬೇರಿನ ತುದಿ ಹೊಟ್ಟು ಸೀಳಿಕೊಂಡು ಹೊರಗೆ ಬರುತ್ತದೆ. ನಾವು ಮಾಡುವುದೇನೆಂದರೆ ಆ ನಡುವಿನ ಹೊತ್ತಿನಲ್ಲಿ ಬೀಜವನ್ನು ತೆಗೆದು ಒಣಗಿಸುವುದು. ಆಗಿರುವ ಕೆಲಸ ಒಣಗಿದ ಮೇಲೂ ಬಹುಪಾಲು ಹಾಗೆಯೇ ಉಳಿಯುತ್ತದೆ. ನೆಲಕ್ಕೆ ಬಿದ್ದು ತೇವ ತಾಗಿದ ಕೂಡಲೇ ಅದು ಅಲ್ಲಿಂದ ಮುಂದಕ್ಕೆ ಹೊರಡುತ್ತದೆ, ಮೊದಲಿನಿಂದ ಶುರು ಮಾಡುವುದಿಲ್ಲ. ಹೀಗಾಗಿ ಸಸಿ ಒಂದೆರಡು ದಿನ ಮುಂಚೆ ಬರುತ್ತದೆ, ಅದಕ್ಕಿಂತ ಮುಖ್ಯ, ಎಲ್ಲ ಒಟ್ಟಿಗೆ ಬರುತ್ತವೆ.

ಬೇರಿನ ತುದಿ ಹೊರಗೆ ಬಂದ ಮೇಲೆ ಒಣಗಿಸಿದರೆ ಆ ಬೇರು ಸಾಯುತ್ತದೆ. ಇಡೀ ಕೆಲಸದಲ್ಲಿ ಎಚ್ಚರ ಬೇಕಾದ ಜಾಗ ಇದೇ.

ಬರೀ ನೀರಿನಲ್ಲಿ ನೆನೆಸಿದರೂ ಈ ಲಾಭ ಒಂದಿಷ್ಟು ಸಿಗುತ್ತದೆ. ಹಾಗಿದ್ದರೆ ಜಿಂಕ್ (ಸತು) ಯಾಕೆ? ನಮ್ಮ ಎರಿ ಭೂಮಿಯಲ್ಲಿ ಸುಣ್ಣದ ಅಂಶ ಜಾಸ್ತಿ, ಕ್ಷಾರ ಜಾಸ್ತಿ. ಮಣ್ಣಿನಲ್ಲಿರುವ ಜಿಂಕ್ ಅಲ್ಲಿಯೇ ಗಂಟುಬಿದ್ದು ಬೇರಿಗೆ ಸಿಗುವುದಿಲ್ಲ. ಅದರ ಮೇಲೆ ಡಿಎಪಿ ಗೊಬ್ಬರ ಸುರಿದರೆ ಇನ್ನೂ ಕಷ್ಟ. ಸಸಿಗೆ ಮೂರು ಎಲೆ ಬರುವವರೆಗೆ ಬೀಜದಲ್ಲಿದ್ದ ಬುತ್ತಿಯೇ ಆಧಾರ. ಆ ಬುತ್ತಿಯಲ್ಲೇ ಜಿಂಕ್ ಕಡಿಮೆ ಇದ್ದರೆ ಸಸಿ ಮೊದಲ ದಿನದಿಂದಲೇ ಸೊರಗುತ್ತದೆ. ಥಾಯ್ಲೆಂಡ್ ಮತ್ತು ಟರ್ಕಿಯ ವಿಜ್ಞಾನಿಗಳು ಸೇರಿ ನೆಲ್ಲಿನ ಬೀಜವನ್ನು ಜಿಂಕ್ ನೀರಿನಲ್ಲಿ ನೆನೆಸಿ ನೋಡಿದ ಕೆಲಸ 2012ರಲ್ಲಿ ಪ್ರಕಟವಾಯಿತು. ಮೊಳೆಯುವುದೂ ಸಸಿಯ ಕಸುವೂ ಅದರಲ್ಲಿ ಸುಧಾರಿಸಿದ್ದವು.

ಪೊಟ್ಯಾಷ್‌ನದು ಬೇರೆ ದಾರಿ. ಅದರ ನೀರಿನಲ್ಲಿ ಬೀಜ ನಿಧಾನವಾಗಿ ನೀರು ಕುಡಿಯುತ್ತದೆ, ಬೇರು ಅವಸರ ಮಾಡುವುದಿಲ್ಲ. ಒಣ ಬಿತ್ತನೆಯ ನೆಲ್ಲಿಗೆ ನೂರಕ್ಕೆ ಒಂದರ ಪೊಟ್ಯಾಷ್ ನೀರು ಎಂಬುದು ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಹಳೆಯ ಶಿಫಾರಸು.

ನನ್ನ ಪದ್ಧತಿ ಹೀಗಿದೆ: ಎರಿ ಭೂಮಿಗೆ ಜಿಂಕ್, ಮಳೆಯನ್ನೇ ನಂಬಿ ಬಿತ್ತುವ ಮಸಾರಿಗೆ (ಕೆಂಪು ಮಣ್ಣಿಗೆ) ಪೊಟ್ಯಾಷ್. ಎರಡನ್ನೂ ಒಂದೇ ಬುಟ್ಟಿಗೆ ಸುರಿಯುವವರಿದ್ದಾರೆ, ನನಗೆ ಅದು ಒಪ್ಪಿಗೆಯಿಲ್ಲ. ಉಪ್ಪಿನ ಖಾರ ಹೆಚ್ಚುತ್ತದೆ. ಮೊಳಕೆ ಕೆಟ್ಟರೆ ಯಾವುದರಿಂದ ಕೆಟ್ಟಿತು ಎಂದು ತಿಳಿಯುವುದಿಲ್ಲ. ಬೋರಾನ್ ಸೇರಿಸಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಮನೆಯಲ್ಲಿ ಮಾಡಬೇಡಿ. ಅದರಲ್ಲಿ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಡುವಿನ ಅಂತರ ಬಹಳ ಸಣ್ಣದು. ಸ್ವಲ್ಪ ಹೆಚ್ಚಾದರೂ ಬೀಜ ಮೊಳೆಯುವುದೇ ಇಲ್ಲ.

ಮೊದಲು ಬೀಜ ನೋಡಿ

ಸತ್ತ ಬೀಜಕ್ಕೆ ಯಾವ ನೀರು ಕುಡಿಸಿದರೂ ಏಳುವುದಿಲ್ಲ. ತಳಿ ಬಿಪಿಟಿ 5204 ಇರಲಿ, ಗಂಗಾವತಿ ಸೋನಾ ಇರಲಿ, ಆರ್‌ಎನ್‌ಆರ್ 15048 ಇರಲಿ, ಬಿತ್ತುವುದಕ್ಕೆ ಎರಡು ವಾರ ಮುಂಚೆ ನೂರು ಕಾಳು ಎಣಿಸಿ ಒದ್ದೆ ಗೋಣಿ ಚೀಲದಲ್ಲಿ ಸುತ್ತಿಡಿ. ದಿನಾ ನೀರು ಚಿಮುಕಿಸಿ. ಐದನೇ ದಿನಕ್ಕೊಮ್ಮೆ, ಎಂಟನೇ ದಿನಕ್ಕೊಮ್ಮೆ ಎಣಿಸಿ. ಪ್ರಮಾಣಿತ ಬೀಜದಲ್ಲಿ ನೂರಕ್ಕೆ 80 ಮೊಳೆಯಲೇಬೇಕೆಂಬ ನಿಯಮವಿದೆ. ಬೇಸಿಗೆ ಬೆಳೆಯ ಹೊಸ ಬೀಜವಾದರೆ ಕೆಲವು ಕಾಳು ಗಟ್ಟಿಯಾಗಿ, ಕೊಳೆಯದೆ, ಮೊಳೆಯದೆ ಕೂತಿರುತ್ತವೆ. ಅವು ಸತ್ತಿಲ್ಲ, ಇನ್ನೂ ನಿದ್ದೆಯಲ್ಲಿವೆ. ಅಂಥ ಬೀಜಕ್ಕೆ ಇನ್ನೊಂದೆರಡು ವಾರ ಬಿಟ್ಟು ಮತ್ತೊಮ್ಮೆ ಪರೀಕ್ಷೆ ಮಾಡಬೇಕು.

ಆಮೇಲೆ ಜೊಳ್ಳು ತೆಗೆಯುವುದು. 10 ಲೀಟರ್ ನೀರಿಗೆ ಸುಮಾರು ಒಂದೂವರೆ ಕೆಜಿ ಅಡಿಗೆ ಉಪ್ಪು ಕರಗಿಸಿ ಒಂದು ಹಸಿ ಮೊಟ್ಟೆ ಬಿಡಿ. ಮೊಟ್ಟೆ ತೇಲಿ ರೂಪಾಯಿ ಬಿಲ್ಲೆಯಷ್ಟು ಅಗಲ ಮೇಲೆ ಕಂಡರೆ ನೀರು ಸರಿಯಾಗಿದೆ. ಬೀಜ ಸುರಿದು ಕೈಯಾಡಿಸಿ, ತೇಲಿದ್ದನ್ನೆಲ್ಲ ಜರಡಿಯಲ್ಲಿ ತೆಗೆಯಿರಿ. ಮುಳುಗಿದ್ದನ್ನು ತಡಮಾಡದೆ ಒಳ್ಳೆಯ ನೀರಿನಲ್ಲಿ ಮೂರು ಸಲ ತೊಳೆದು ನೆರಳಿನಲ್ಲಿ ಹರವಿ. ಉಪ್ಪು ಉಳಿದರೆ ಬೀಜಕ್ಕೆ ಕೆಡುಕು. ಪೂರ್ತಿ ಒಣಗಿದ ಮೇಲೆ 10 ಕೆಜಿ ತೂಗಿಟ್ಟುಕೊಳ್ಳಿ. ಈ ತೂಕ ಮುಂದೆ ಬೇಕಾಗುತ್ತದೆ, ಗೋಡೆಯ ಮೇಲಾದರೂ ಬರೆದಿಡಿ.

ಒಂದು ಮಾತು: ಗುಲಾಬಿ ಬಣ್ಣವೋ ನೀಲಿ ಬಣ್ಣವೋ ಹಚ್ಚಿ ಬಂದ ಕಂಪನಿ ಬೀಜವನ್ನು ನೆನೆಸಬೇಡಿ. ಅದಕ್ಕೆ ಔಷಧಿ ಲೇಪನವಾಗಿರುತ್ತದೆ. ನೆನೆಸಿದರೆ ಔಷಧಿಯೆಲ್ಲ ತೊಳೆದುಹೋಗುತ್ತದೆ, ಉಳಿದ ನೀರು ವಿಷ.

ಸಾಮಾನು

ಪ್ಲಾಸ್ಟಿಕ್ ಟಬ್ಬು ಅಥವಾ ಬಕೆಟ್ಟು ಬೇಕು, ತಗಡಿನದು ಬೇಡ. ತಗಡಿನ ಬಕೆಟ್ಟಿಗೆ ಸತುವಿನ ಲೇಪನವೇ ಇರುತ್ತದೆ, ಉಪ್ಪಿನ ನೀರಿಗೆ ಅದು ಬಿಟ್ಟುಕೊಂಡು ನಮ್ಮ ಅಳತೆ ಕೆಡುತ್ತದೆ. ತೂಕಕ್ಕೆ ಎರಡು ಬೇಕು: ಬೀಜ ತೂಗಲು ಕೊಕ್ಕೆ ತಕ್ಕಡಿ, ಉಪ್ಪು ತೂಗಲು ಗ್ರಾಂ ತೋರಿಸುವ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ. ಸಣ್ಣದು ಇಲ್ಲದಿದ್ದರೆ ಕಿರಾಣಿ ಅಂಗಡಿಯಲ್ಲಿ ತೂಗಿಸಿ ಪೊಟ್ಟಣ ಕಟ್ಟಿಸಿಕೊಂಡು ಬನ್ನಿ. ಕಣ್ಣಂದಾಜು ಬೇಡವೇ ಬೇಡ.

ನೀರಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನಮ್ಮ ಕಡೆ ಬೋರಿನ ನೀರು ಸವುಳು. ಅದಕ್ಕೆ ಜಿಂಕ್ ಹಾಕಿದರೆ ತಿಳಿಯಾಗಿದ್ದ ನೀರು ನೋಡನೋಡುತ್ತಲೇ ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ತಿರುಗಿ, ಸ್ವಲ್ಪ ಹೊತ್ತಿಗೆ ತಳದಲ್ಲಿ ಬಿಳಿ ಗಸಿ ಕೂರುತ್ತದೆ. ನೀರಿನ ಕ್ಷಾರಕ್ಕೆ ಜಿಂಕ್ ಒಡೆದು ಗಸಿಯಾಗಿದೆ ಎಂದು ಅರ್ಥ. ಆ ಗಸಿ ಬೀಜದೊಳಗೆ ಹೋಗುವುದಿಲ್ಲ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಒಂದು ಕ್ಯಾನು ತನ್ನಿ, ಅಥವಾ ಮಳೆ ನೀರು ಹಿಡಿದಿಡಿ. ನಾಲೆ ನೀರು ಸಿಕ್ಕರೆ ಬಟ್ಟೆಯಲ್ಲಿ ಸೋಸಿ, ರಾತ್ರಿಯೆಲ್ಲ ಬಿಟ್ಟು ತಿಳಿ ತೆಗೆದುಕೊಳ್ಳಿ.

ಜಿಂಕ್ ಸಲ್ಫೇಟ್ ಅಂಗಡಿಯಲ್ಲಿ ಎರಡು ಬಗೆ ಸಿಗುತ್ತದೆ. ಸಣ್ಣ ಗಾಜಿನ ಹರಳಿನಂತೆ ಇರುವುದರಲ್ಲಿ ಜಿಂಕ್ ನೂರಕ್ಕೆ 21, ಪುಡಿಯಂತೆ ಇರುವುದರಲ್ಲಿ 33. ಚೀಲದ ಮೇಲೆ ಬರೆದಿರುತ್ತದೆ, ಓದಿಯೇ ಕೊಳ್ಳಿ. ಕಲಬೆರಕೆಯ ಅನುಮಾನವಿದ್ದರೆ ಒಂದು ಲೋಟದಲ್ಲಿ ಜಿಂಕ್ ಗಟ್ಟಿಯಾಗಿ ಕರಗಿಸಿ, ಇನ್ನೊಂದರಲ್ಲಿ ಡಿಎಪಿ ಕರಗಿಸಿ, ಎರಡನ್ನೂ ಸೇರಿಸಿ. ಅಸಲಿ ಜಿಂಕ್ ಆದರೆ ಹಾಲು ಒಡೆದ ಹಾಗೆ ಗಟ್ಟಿ ಗಸಿ ಕಟ್ಟುತ್ತದೆ. ಮೆಗ್ನೀಷಿಯಂ ಸಲ್ಫೇಟ್ ಕೊಟ್ಟು ಜಿಂಕ್ ಎಂದಿದ್ದರೆ ಹಾಗೆ ಕಟ್ಟುವುದಿಲ್ಲ. ಜಿಂಕನ್ನೂ ಡಿಎಪಿಯನ್ನೂ ಒಟ್ಟಿಗೆ ಕಲಸಿ ಹೊಲಕ್ಕೆ ಎರಚಬಾರದು ಎಂದು ಯಾಕೆ ಹೇಳುತ್ತಾರೆ ಎಂಬುದೂ ಆ ಲೋಟದಲ್ಲೇ ಕಾಣುತ್ತದೆ.

ಪೊಟ್ಯಾಷ್ ಎಂದರೆ ಗೊಬ್ಬರದ ಅಂಗಡಿಯ ಎಂಒಪಿ (ಮ್ಯೂರಿಯೇಟ್ ಆಫ್ ಪೊಟ್ಯಾಷ್). ಬಿಳಿಯದು ಸಿಕ್ಕರೆ ಒಳ್ಳೆಯದು. ಕೆಂಪಿನದಾದರೆ ಕರಗದ ಕೆಂಪು ಮಣ್ಣು ತಳದಲ್ಲಿ ಉಳಿಯುತ್ತದೆ, ಬಟ್ಟೆಯಲ್ಲಿ ಸೋಸಿಕೊಳ್ಳಿ.

ನೆನೆಸುವುದು

ಉಪ್ಪಿನ ಲೆಕ್ಕ ನೀರಿಗೆ, ಬೀಜಕ್ಕಲ್ಲ. ಇದನ್ನು ತಲೆಯಲ್ಲಿಟ್ಟುಕೊಂಡರೆ ಗೊಂದಲವಿಲ್ಲ. 10 ಕೆಜಿ ಬೀಜಕ್ಕೆ 10 ಲೀಟರ್ ನೀರು ಸಾಕೆಂದು ಬರೆದಿರುತ್ತಾರೆ. ಬೀಜ ನೀರು ಕುಡಿಯುತ್ತಾ ಹೋದಂತೆ ಮೇಲಿನ ಪದರ ಬಯಲಾಗುತ್ತದೆ, ಅದಕ್ಕೆ ನಾನು 12 ಲೀಟರ್ ತೆಗೆದುಕೊಳ್ಳುತ್ತೇನೆ.

ಜಿಂಕ್ ನೀರು: ಲೀಟರಿಗೆ 2 ಗ್ರಾಂ ಹರಳಿನ ಜಿಂಕ್, ಅಂದರೆ 12 ಲೀಟರಿಗೆ 24 ಗ್ರಾಂ. 33ರ ಪುಡಿಯಾದರೆ 15 ಗ್ರಾಂ. ಇದಕ್ಕಿಂತ ಗಟ್ಟಿಯಾಗಿ, ಲೀಟರಿಗೆ 5 ಗ್ರಾಂವರೆಗೂ ಬಳಸುವವರಿದ್ದಾರೆ. ನಾನು ಕಡಿಮೆಯ ಕಡೆಗೇ ಇರುತ್ತೇನೆ, ಏಕೆಂದರೆ ಕಡಿಮೆಯಾದರೆ ಲಾಭ ಸ್ವಲ್ಪ ತಗ್ಗಬಹುದು, ಹೆಚ್ಚಾದರೆ ಬೇರಿಗೇ ಪೆಟ್ಟು.

ಪೊಟ್ಯಾಷ್ ನೀರು: ಲೀಟರಿಗೆ 10 ಗ್ರಾಂ, 12 ಲೀಟರಿಗೆ 120 ಗ್ರಾಂ.

ಉಪ್ಪು ಮೊದಲು ಪೂರ್ತಿ ಕರಗಬೇಕು, ಆಮೇಲೆ ಬೀಜ. ಸಂಜೆ ಐದು ಆರರ ಹೊತ್ತಿಗೆ, ಮನೆಯೊಳಗೆ ತಣ್ಣಗಿರುವ ಜಾಗದಲ್ಲಿ ನೆನೆಹಾಕಿ. ಮಲಗುವ ಮುಂಚೆ ಒಮ್ಮೆ, ಬೆಳಗ್ಗೆ ಎದ್ದ ಕೂಡಲೇ ಒಮ್ಮೆ ಬೀಜವನ್ನು ಬುಟ್ಟಿಗೆ ಬಸಿದು ಹತ್ತು ನಿಮಿಷ ಗಾಳಿಗೆ ಬಿಟ್ಟು ಮತ್ತೆ ಅದೇ ನೀರಿಗೆ ಹಾಕಿ. ಬೀಜ ಉಸಿರಾಡುತ್ತದೆ. ತಳದಲ್ಲಿ ಗಾಳಿಯಿಲ್ಲದೆ ಕೂತರೆ ಹುಳಿ ವಾಸನೆ ಬರುತ್ತದೆ.

ಎಷ್ಟು ತಾಸು? ಪೊಟ್ಯಾಷ್ ನೀರಿಗೆ 16 ತಾಸು. ಜಿಂಕ್ ನೀರು ತೆಳು, ಬೀಜ ಬೇಗ ಕುಡಿಯುತ್ತದೆ, ಆದ್ದರಿಂದ ಮಿರಗ–ಆರಿದ್ರದ ಸೆಕೆಯಲ್ಲಿ 12ರಿಂದ 14 ತಾಸು. ಗಡಿಯಾರ ಒಂದು ಆಧಾರ ಅಷ್ಟೇ, ಕಣ್ಣಿನಲ್ಲಿ ನೋಡುವುದು ಇನ್ನೊಂದು. ಹತ್ತು ತಾಸಾದ ಮೇಲೆ ಆಗಾಗ ನಾಲ್ಕೈದು ಕಾಳು ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿಯಿರಿ. ಹೊಟ್ಟು ಮೊದಲಿನ ಒಣ ಹುಲ್ಲಿನ ಬಣ್ಣ ಬಿಟ್ಟು ಒದ್ದೆಯಾಗಿ ಕಪ್ಪಿಟ್ಟಿರುತ್ತದೆ. ಉಗುರಿನಿಂದ ಹೊಟ್ಟು ಸುಲಿದರೆ ಅಕ್ಕಿ ಗಾಜಿನಂತಿದ್ದದ್ದು ಸುಣ್ಣದ ಬಿಳುಪಿಗೆ ತಿರುಗಿ, ಬೆರಳ ನಡುವೆ ಹಿಚುಕಿದರೆ ಹಿಟ್ಟಾಗುತ್ತದೆ. ತೊಟ್ಟಿನ ಕಡೆ ಒಂದು ಮೂಲೆಯಲ್ಲಿ ಮೊಳಕೆಯ ಜಾಗ ಉಬ್ಬಿರುತ್ತದೆ. ಅಲ್ಲಿ ಹೊಟ್ಟು ಇನ್ನೂ ಸೀಳಿರಬಾರದು. ಹೀಗೆ ಕಂಡಾಗ ತೆಗೆಯಿರಿ, ಗಡಿಯಾರದಲ್ಲಿ ಇನ್ನೊಂದು ತಾಸು ಬಾಕಿಯಿದ್ದರೂ ಸರಿ.

ಅಲ್ಲೊಂದು ಇಲ್ಲೊಂದು ಕಾಳಿನಲ್ಲಿ ಬಿಳಿ ಚುಕ್ಕೆ ಹೊರಗೆ ಬಂದಿದ್ದರೆ ಕೂಡಲೇ ಬಸಿಯಿರಿ. ಹೆಚ್ಚಿನವು ಸೀಳಿಬಿಟ್ಟಿದ್ದರೆ ಆ ಬೀಜ ಕೂರಿಗೆಗೆ ಆಗುವುದಿಲ್ಲ. ಬಿಸಾಡುವುದೂ ಬೇಡ, ಅದನ್ನು ಗೋಣಿ ಚೀಲದಲ್ಲಿ ಕಟ್ಟಿ ಪೂರ್ತಿ ಮೊಳಕೆ ಬರಿಸಿ ಸಸಿ ಮಡಿಗೆ ಚೆಲ್ಲಿ.

ಬಸಿದ ಬೀಜವನ್ನು ಒಳ್ಳೆಯ ನೀರಿನಲ್ಲಿ ಒಮ್ಮೆ ಜಾಲಿಸಿ. ಉಳಿದ ಉಪ್ಪು ನೀರನ್ನು ದನ, ಕೋಳಿ ಕುಡಿಯುವ ಕಡೆ ಚೆಲ್ಲಬೇಡಿ, ಹೊಲದ ಮಣ್ಣಿಗೆ ಸುರಿಯಿರಿ. ನೆನೆಸಿದ ಬೀಜ ಮಿಕ್ಕರೆ ಅದನ್ನು ಕುಟ್ಟಿಸಿ ಉಣ್ಣುವುದು, ಕೋಳಿಗೆ ಹಾಕುವುದು ಮಾಡಬಾರದು.

ಒಣಗಿಸುವುದು

ನಮ್ಮ ಮೈದುನ ಮೊದಲು ಕೇಳಿದ್ದು ಇದನ್ನೇ: “ಅತ್ತಿಗೀ, ನೆನಸಿದ್ದು ಮತ್ತ ಯಾಕ ಒಣಗಸಬೇಕು? ಹಸೀದ ಕೂರಿಗ್ಯಾಗ ಹಾಕಿದ್ರ ಆಗಂಗಿಲ್ಲೇನು?” ಆಗುವುದಿಲ್ಲ. ಹಸಿ ಬೀಜ ಒಂದಕ್ಕೊಂದು ಅಂಟಿಕೊಂಡು ಕೂರಿಗೆಯ ಕೊಳವೆಯಲ್ಲಿ ಕಟ್ಟುತ್ತದೆ, ಸಾಲಿನಲ್ಲಿ ಒಂದು ಕಡೆ ಗುಂಪು ಬಿದ್ದು ಇನ್ನೊಂದು ಕಡೆ ಖಾಲಿಯಾಗುತ್ತದೆ. ಅದಕ್ಕಿಂತ ದೊಡ್ಡ ಕಾರಣ ಮಳೆ. ಹಸಿ ಬೀಜ ಬಿತ್ತಿದ ಮೇಲೆ ಮಳೆ ಎರಡು ದಿನ ಕೈಕೊಟ್ಟರೆ ಒಳಗೆ ಶುರುವಾದ ಮೊಳಕೆ ಅಲ್ಲಿಯೇ ಬತ್ತುತ್ತದೆ. ಒಣಗಿಸಿದ ಬೀಜ ತೇವಕ್ಕಾಗಿ ಕಾಯಬಲ್ಲದು.

ಹರವುವುದು ಹಳೆಯ ಹತ್ತಿ ಸೀರೆಯ ಮೇಲೆ ಅಥವಾ ಗೋಣಿ ತಟ್ಟಿನ ಮೇಲೆ. ಪ್ಲಾಸ್ಟಿಕ್ ತಾಡಪತ್ರಿಯಲ್ಲಿ ಅಡಿಯ ಕಾಳು ಬೆವರುತ್ತವೆ. ಪದರ ಒಂದು ಬೆರಳಿಗಿಂತ ದಪ್ಪ ಇರಬಾರದು. ಪಡಸಾಲೆಯಲ್ಲಿ, ಗಾಳಿ ಆಡುವ ಕಡೆ, ನೆರಳಿನಲ್ಲಿ. ಮೊದಲ ನಾಲ್ಕು ತಾಸು ಅರ್ಧ ತಾಸಿಗೊಮ್ಮೆ ಕೈಯಾಡಿಸಬೇಕು. ಗುಡ್ಡೆ ಹಾಕಿಟ್ಟು ಊಟಕ್ಕೆ ಹೋದರೆ ಒಳಗೆ ಬಿಸಿ ಹುಟ್ಟಿ ಮೊಳಕೆ ಶುರುವಾಗುತ್ತದೆ. ಬೇಗ ಮುಗಿಯಲಿ ಎಂದು ಸಿಮೆಂಟ್ ಕಣಕ್ಕೋ ಡಾಂಬರ್ ರಸ್ತೆಗೋ ಒಯ್ಯಬೇಡಿ. ರಾಯಚೂರಿನ ಬಿಸಿಲಿನಲ್ಲಿ ನೆಲ ಕಾದು ಬರಿಗಾಲಿಡಲು ಆಗದಿದ್ದಾಗ ಒದ್ದೆ ಬೀಜದ ಜೀವ ಅದನ್ನು ತಾಳುವುದಿಲ್ಲ.

ಒಣಗಿತೋ ಇಲ್ಲವೋ ಎಂದು ಹೇಳುವುದು ತಕ್ಕಡಿ. 10 ಕೆಜಿ ಬೀಜ ನೆನೆದು ಬಸಿದಾಗ ಹನ್ನೆರಡು, ಹನ್ನೆರಡೂವರೆ ಕೆಜಿ ತೂಗುತ್ತದೆ. ಅದು ಮತ್ತೆ 10ಕ್ಕೆ ಬರಬೇಕು. ಹನ್ನೊಂದಕ್ಕೆ ಬೇಗ ಇಳಿಯುತ್ತದೆ, ಮೇಲಿನ ತೇವ ಹೋಗುವುದು ಸುಲಭ. ಹನ್ನೊಂದರಿಂದ ಹತ್ತಕ್ಕೆ ಇಳಿಯುವುದೇ ನಿಧಾನ, ಏಕೆಂದರೆ ಆ ತೇವ ಕಾಳಿನ ಒಳಗಿನದು. ಮುಟ್ಟಿದರೆ ಒಣಗಿದೆ ಅನ್ನಿಸುತ್ತದೆ, ಮುಷ್ಟಿಯಲ್ಲಿ ಹಿಡಿದರೆ ಜಾರುತ್ತದೆ, ಆದರೂ ತಕ್ಕಡಿ ಹತ್ತೂ ಮುಕ್ಕಾಲು ತೋರಿಸುತ್ತದೆ. ಅಷ್ಟರಲ್ಲಿ ಚೀಲ ಕಟ್ಟಿದರೆ ಬೂಸ್ಟು ಹಿಡಿಯುತ್ತದೆ. ನಮ್ಮ ಅತ್ತೆ ತಕ್ಕಡಿಯ ಜೊತೆಗೆ ಹಲ್ಲಿನಲ್ಲಿ ಒಂದು ಕಾಳು ಕಡಿದು ನೋಡುತ್ತಾರೆ. ಕಟ್ ಎಂದು ಎರಡು ತುಂಡಾದರೆ ಒಣಗಿದೆ, ಮೆತ್ತಗೆ ಚಪ್ಪಟೆಯಾದರೆ ಇನ್ನೂ ಬೇಕು. ನೀವೂ ಮಾಡುವುದಾದರೆ ಕಾಳು ಉಗುಳಿ ಬಾಯಿ ತೊಳೆದುಕೊಳ್ಳಿ, ಜಿಂಕ್ ನುಂಗಬಾರದು.

ಗಾಳಿ ಬಿರುಸಾಗಿದ್ದರೆ ಒಂದು ದಿನ, ಮೋಡ ಮುಸುಕಿದ್ದರೆ ಎರಡು ದಿನ ಹಿಡಿಯುತ್ತದೆ. ಮೋಡದ ದಿನ ಫ್ಯಾನು ಹಾಕಿ.

ಒಣಗಿದ ಬೀಜವನ್ನು ಬಟ್ಟೆ ಚೀಲದಲ್ಲೋ ಗೋಣಿಯಲ್ಲೋ ಇಡಿ. ವಾರ ಹತ್ತು ದಿನದೊಳಗೆ ಬಿತ್ತಿಬಿಡಬೇಕು. ಹೀಗೆ ನೆನೆಸಿ ಒಣಗಿಸಿ ಹದ ಮಾಡಿದ ಬೀಜ ಮಾಮೂಲಿ ಬೀಜದಷ್ಟು ಕಾಲ ಉಳಿಯುವುದಿಲ್ಲ, ಮುಂದಿನ ಹಂಗಾಮಿಗೆ ಎತ್ತಿಡುವ ಮಾತೇ ಇಲ್ಲ. ಅದಕ್ಕೇ ಪೂರ್ತಿ ಬೀಜವನ್ನು ಒಮ್ಮೆಗೇ ನೆನೆಸದೆ, ಮಳೆ ನೋಡಿಕೊಂಡು ಎರಡು ಕಂತಿನಲ್ಲಿ ಮಾಡುವುದು ಒಳ್ಳೆಯದು. ರೋಗ ತಡೆಯುವ ಸೂಕ್ಷ್ಮಾಣುವಿನ ಪುಡಿ ಸ್ಯೂಡೋಮೋನಾಸ್ ಹಚ್ಚುವವರು ಕೆಜಿಗೆ 10 ಗ್ರಾಂನಂತೆ, ಬಿತ್ತುವ ದಿನ, ಒಣಗಿದ ಬೀಜಕ್ಕೆ ಹಚ್ಚಿ.

ಹೆಚ್ಚು ಬೀಜಕ್ಕೆ ಮಾಡುವ ಮುಂಚೆ ಒಂದು ಕೆಜಿಗೆ ಮಾಡಿ ನೋಡಿ. ಹದ ಮಾಡಿದ್ದರಲ್ಲಿ ನೂರು ಕಾಳು, ಮಾಡದ್ದರಲ್ಲಿ ನೂರು ಕಾಳು ಪಕ್ಕಪಕ್ಕ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಎರಡು ದಿನಕ್ಕೇ ವ್ಯತ್ಯಾಸ ಕಾಣಬೇಕು. ಹದ ಮಾಡಿದ್ದೇ ಹಿಂದೆ ಬಿದ್ದಿದ್ದರೆ ಉಪ್ಪು ಹೆಚ್ಚಾಗಿದೆ, ಇಲ್ಲವೇ ಹೊತ್ತು ಮೀರಿದೆ.

ನಾಟಿ ಮಾಡುವವರಿಗೆ

ಸಸಿ ಮಡಿ ಹಾಕುವವರಿಗೆ ಒಣಗಿಸುವ ಕೆಲಸವಿಲ್ಲ. ಹೇಗೂ ಒಂದು ದಿನ ನೆನೆಸಿ ಒಂದು ದಿನ ಕಟ್ಟಿಡುತ್ತೀರಿ, ನೆನೆಸುವ ನೀರಿಗೆ ಅದೇ ಅಳತೆಯ ಜಿಂಕ್ ಹಾಕಿ, ಜಾಲಿಸಿ, ಕಟ್ಟಿಡಿ.

ಬಿತ್ತಿದ ಮೇಲೆ

ಎರಡು ಮೂರು ಸೆಂಟಿಮೀಟರ್‌ಗಿಂತ ಆಳಕ್ಕೆ ಬಿತ್ತಬೇಡಿ. ಹೆಂಟೆ ಒಡೆದು ಮಣ್ಣು ಪುಡಿಯಾಗಿರಲಿ. ಸಾಧ್ಯವಾದರೆ ಕೂರಿಗೆಯ ಒಂದು ಸುತ್ತು ಮಾತ್ರ ಹದ ಮಾಡದ ಬೀಜ ಹಾಕಿ, ಬದುವಿನಲ್ಲಿ ಕೋಲು ನೆಟ್ಟು ಗುರುತು ಮಾಡಿ. ಅಕ್ಕಪಕ್ಕ ನೋಡಿದರಷ್ಟೇ ನಿಮ್ಮ ಮಣ್ಣಿನಲ್ಲಿ ಇದು ಎಷ್ಟು ಕೆಲಸ ಮಾಡಿತು ಎಂದು ತಿಳಿಯುತ್ತದೆ. ಬೇರೆಯವರ ಹೊಲದ ಮಾತು ಕೇಳಿ ಪ್ರಯೋಜನವಿಲ್ಲ.

ಲೆಕ್ಕ ಹೀಗೆ: ಸೋನಾ ಬೀಜ ಸಾವಿರ ಕಾಳಿಗೆ 15 ಗ್ರಾಂ ಆಸುಪಾಸು ತೂಗುತ್ತದೆ. ಎಕರೆಗೆ 10 ಕೆಜಿಯಂತೆ, ಸಾಲಿನಿಂದ ಸಾಲಿಗೆ 9 ಅಂಗುಲ ಬಿಟ್ಟು ಬಿತ್ತಿದರೆ ಒಂದು ಮೀಟರ್ ಸಾಲಿನಲ್ಲಿ ಸುಮಾರು 35ರಿಂದ 38 ಕಾಳು ಬಿದ್ದಿರುತ್ತವೆ. ಒಂದು ಮೀಟರ್ ಕೋಲು ಹಿಡಿದು ಹೊಲದ ನಾಲ್ಕೈದು ಕಡೆ ಸಸಿ ಎಣಿಸಿ. ತೇವ ಸಿಕ್ಕು ಎಂಟು ಹತ್ತು ದಿನದಲ್ಲಿ 25ರ ಮೇಲೆ ಬಂದಿದ್ದರೆ ನೆಮ್ಮದಿಯಾಗಿರಿ.

ಇನ್ನು ಈ ಕೆಲಸದಿಂದ ಆಗದ್ದು ಏನು ಎಂಬುದನ್ನೂ ಹೇಳಲೇಬೇಕು, ಏಕೆಂದರೆ ಬೀಜಕ್ಕೆ ಜಿಂಕ್ ಕುಡಿಸಿದ್ದೇನೆ, ಹೊಲಕ್ಕೆ ಬೇಡ ಎನ್ನುವವರನ್ನು ನೋಡಿದ್ದೇನೆ. 10 ಕೆಜಿ ಬೀಜ ಎರಡು, ಎರಡೂವರೆ ಲೀಟರ್ ನೀರು ಕುಡಿಯುತ್ತದೆ. ಅದರಲ್ಲಿ ಇರುವ ಜಿಂಕ್ ಒಂದು ಗ್ರಾಂ ಆಸುಪಾಸು. ಎಕರೆಗೆ 35 ಚೀಲ ನೆಲ್ಲು ಕೊಡುವ ಬೆಳೆ ನೆಲದಿಂದ ತೆಗೆಯುವ ಜಿಂಕ್ ನೂರು ಗ್ರಾಂಗೂ ಮೇಲೆ. ಬೀಜದ ಜಿಂಕ್ ಸಸಿಯನ್ನು ಕಾಲ ಮೇಲೆ ನಿಲ್ಲಿಸುತ್ತದೆ, ಬೆಳೆಗೆ ಊಟ ಹಾಕುವುದಿಲ್ಲ. ಆದ್ದರಿಂದ ಎಕರೆಗೆ 8 ಕೆಜಿ ಜಿಂಕ್ ಸಲ್ಫೇಟ್ ಮಣ್ಣಿಗೆ ಕೊಡುವುದನ್ನು ಬಿಡಬೇಡಿ. ಡಿಎಪಿ ಜೊತೆ ಬೇಡ, ಬೇರೆ ದಿನ, ಮಣ್ಣಿನಲ್ಲೋ ತಿಪ್ಪೆಗೊಬ್ಬರದಲ್ಲೋ ಕಲಸಿ ಕೊಡಿ.

ಮೂರನೇ ವಾರದಿಂದ ಎಲೆ ನೋಡುತ್ತಿರಿ. ಕೆಳಗಿನ ಹಳೆಯ ಎಲೆಗಳ ಮೇಲೆ ತುಕ್ಕಿನ ಬಣ್ಣದ ಚುಕ್ಕೆ ಬಂದು, ಅವು ಕೂಡಿ ಎಲೆಯೇ ಕಂದಾಗಿ, ಪೈರು ಗಿಡ್ಡಗೆ ನಿಂತರೆ ಜಿಂಕ್ ಕೊರತೆ. ಖೈರಾ ಎಂದು ಕರೆಯುವ ಈ ರೋಗಕ್ಕೆ ಜಿಂಕ್ ಇಲ್ಲದಿರುವುದೇ ಕಾರಣ ಎಂದು 1966ರಲ್ಲಿ ಪಂತ್‌ನಗರದಲ್ಲಿದ್ದ ವೈ.ಎಲ್. ನೆನೆ ತೋರಿಸಿಕೊಟ್ಟರು. ಇದಕ್ಕೆ ಲೀಟರ್ ನೀರಿಗೆ 5 ಗ್ರಾಂ ಜಿಂಕ್ ಸಲ್ಫೇಟ್, ಎರಡೂವರೆ ಗ್ರಾಂ ಸುಣ್ಣ ಕಲಸಿ ತೆಗೆದ ತಿಳಿ ಸೇರಿಸಿ ಸಿಂಪಡಿಸಬೇಕು. ಹಾಗಲ್ಲದೆ ಮೇಲಿನ ಹೊಸ ಎಲೆಗಳೇ ಹಳದಿಯಾಗಿ, ಆಮೇಲೆ ಬಿಳುಚಿಕೊಂಡರೆ ಅದು ಕಬ್ಬಿಣದ ಕೊರತೆ. ನೀರು ನಿಲ್ಲದ ಕೂರಿಗೆ ನೆಲ್ಲಿನಲ್ಲಿ ಇದು ಬಹಳ ಕಾಣುತ್ತದೆ, ಜಿಂಕ್ ಎಷ್ಟು ಹೊಡೆದರೂ ಹೋಗುವುದಿಲ್ಲ. ಅದಕ್ಕೆ ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಸಿಂಪಡಿಸಿ, ವಾರ ಬಿಟ್ಟು ಇನ್ನೊಮ್ಮೆ ಹೊಡೆಯಿರಿ. ತೂಬಿಗೆ ನೀರು ಬಂದ ದಿನವೇ ಗದ್ದೆಗೆ ಕಟ್ಟಿ ನಿಲ್ಲಿಸಿದರೆ ಆ ಹಳದಿ ತಾನಾಗಿಯೂ ಇಳಿಯುತ್ತದೆ.